ಚದರಡಿ ದರ ಕೇಳುವ ಮುನ್ನ

ಮನೆ ಕಟ್ಟಿಸಲು ಹೊರಟವರು ಬಿಲ್ಡರ್ ಮುಂದೆ ಕೂತೊಡನೆ ಕೇಳುವುದು ‘ಚದರಡಿಗೆ ಎಷ್ಟು?’ ಎಂದು. ಸಿಕಂದರಾಬಾದಿನಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಇಲ್ಲಿ ನಾಲ್ಕು ಬೀದಿ ದಾಟಿದರೆ ನಿವೇಶನಕ್ಕೆ ಅನ್ವಯಿಸುವ ಕಾನೂನು ಬದಲಾಗಬಹುದು. ನಾಲ್ಕು ಅಡಿ ಅಗೆದರೆ ಬಂಡೆ ಎದುರಾಗಬಹುದು.

ಮೊದಲು ಕಾನೂನು. ತಿರುಮಲಗಿರಿಯಂಥ ಕಂಟೋನ್ಮೆಂಟ್ ಪ್ರದೇಶದಲ್ಲಿ 2006ರ ಕಂಟೋನ್ಮೆಂಟ್ ಕಾಯ್ದೆಯಂತೆ ಮಂಡಳಿಯ ಮಂಜೂರಾತಿ ಬೇಕು. ಹಳೆಯ ಬಂಗಲೆಗಳ ಕೆಲವು ಜಾಗ ‘ಓಲ್ಡ್ ಗ್ರಾಂಟ್’. ಅಲ್ಲಿ ನೆಲದ ಒಡೆತನ ಕೇಂದ್ರ ಸರ್ಕಾರದ್ದು. ಪಾಲಿಕೆಯ ವ್ಯಾಪ್ತಿಯಲ್ಲಿ ಕಟ್ಟಡ ಅನುಮತಿಯ 2020ರ ಟಿಎಸ್-ಬಿಪಾಸ್ ಕಾಯ್ದೆ ಅನ್ವಯಿಸುತ್ತದೆ. ಅದರಂತೆ 75 ಚದರ ಗಜದವರೆಗಿನ ನಿವೇಶನದಲ್ಲಿ ನೆಲಮಹಡಿ ಮತ್ತು ಒಂದು ಅಂತಸ್ತಿಗೆ ಒಂದು ರೂಪಾಯಿಯ ನೋಂದಣಿ ಸಾಕು. 600 ಚದರ ಗಜದೊಳಗೆ, 10 ಮೀಟರ್ ಎತ್ತರದವರೆಗೆ ಮಾಲೀಕರ ಸ್ವಯಂ ದೃಢೀಕರಣದ ಮೇಲೆ ಕೂಡಲೇ ಅನುಮತಿ.

ಈ ಸಲೀಸುತನಕ್ಕೆ ಇನ್ನೊಂದು ಮುಖವಿದೆ. ಸುಳ್ಳು ಹೇಳಿ ಕಟ್ಟಿದರೆ ನೋಟಿಸಿಲ್ಲದೆ ಕೆಡವಬಹುದು, ಹೊಣೆ ಮಾಲೀಕರದ್ದೇ. ‘ಒಂದು ಫ್ಲೋರ್ ಜಾಸ್ತಿ ಹಾಕೋಣ ಸಾರ್, ಆಮೇಲೆ ನೋಡ್ಕೊಳ್ಳೋಣ’ ಎನ್ನುವ ಬಿಲ್ಡರ್‌ಗೆ ಅಲ್ಲಿಯೇ ಕೈಮುಗಿಯಿರಿ. ಇಂಥ ಧೈರ್ಯದ ಬೆಲೆ ಜೀವವೂ ಆಗಬಹುದು: 2016ರ ಡಿಸೆಂಬರ್ 8ರ ರಾತ್ರಿ ಹೈದರಾಬಾದಿನ ನಾನಕ್‌ರಾಮ್‌ಗೂಡದಲ್ಲಿ ಕಟ್ಟುತ್ತಿದ್ದ ಏಳಂತಸ್ತಿನ ಕಟ್ಟಡವೇ ಕುಸಿದು 11 ಮಂದಿ ಸತ್ತರು.

ನಂತರ ಕೆಲಸ ನೋಡಲು ಹೋಗಿ. ಹೊಸದಾಗಿ ಬಣ್ಣ ಬಳಿದ ಮನೆಯಿಂದ ತಿಳಿಯುವುದು ಕಡಿಮೆ. ಐದಾರು ಮಳೆಗಾಲ ಕಂಡ ಮನೆಯೊಂದರ ವಿಳಾಸ ಕೇಳಿ ಪಡೆದು, ಬಿಲ್ಡರ್ ಜೊತೆಗಿಲ್ಲದಾಗ ನೋಡಿ: ಬಾತ್‌ರೂಮಿನ ಕೆಳಗಿನ ಚಾವಣಿ, ಪ್ಯಾರಪೆಟ್ ಸೇರುವ ಮೂಲೆ, ಸಜ್ಜದ ಮೇಲಿನ ಗೋಡೆ. ತೇವ ಇರುವುದು ಇಲ್ಲಿಯೇ. ಆಮೇಲೆ ಈಗ ನಡೆಯುತ್ತಿರುವ ಸೈಟಿಗೆ ಹೇಳದೆ ಹೋಗಿ. ಕಂಬಿಯ ಕೆಳಗೆ ಅಂತರ ಉಳಿಸುವ ಕವರ್ ಬ್ಲಾಕ್‌ಗಳು ಇವೆಯೇ? ಭಾರತೀಯ ಮಾನದಂಡ 456ರ ಪ್ರಕಾರ ಕಾಂಕ್ರೀಟಿಗೆ ಕನಿಷ್ಠ 7 ದಿನ ಕ್ಯೂರಿಂಗ್ ಆಗಬೇಕು. ಬಿರುಬಿಸಿಲಿನಲ್ಲಿ, ಅಥವಾ ಪಿಪಿಸಿಯಂಥ ಮಿಶ್ರ ಸಿಮೆಂಟ್ ಬಳಸಿದ್ದರೆ 10 ದಿನ. 6 ಮೀಟರ್‌ವರೆಗಿನ ತೊಲೆಯ ಊರುಗೋಲನ್ನು 14 ದಿನಕ್ಕೆ ಮೊದಲು ತೆಗೆಯುವಂತಿಲ್ಲ. ‘ಸೆಂಟ್ರಿಂಗ್ ಯಾವಾಗ ಬಿಚ್ತೀರಿ?’ ಎಂದು ಮೇಸ್ತ್ರಿಯನ್ನು ಕೇಳಿ. ಆ ಉತ್ತರಕ್ಕೆ ಬಣ್ಣದ ಬ್ರೋಷರ್‌ಗಿಂತ ಹೆಚ್ಚು ಬೆಲೆಯಿದೆ.

ಈಗ ದರ. ವಾಸ್ತುಶಿಲ್ಪಿಯ ನಕ್ಷೆ, ಸ್ಟ್ರಕ್ಚರಲ್ ಎಂಜಿನಿಯರ್ ಕೊಟ್ಟ ಕಂಬಿ ವಿವರ ಎರಡನ್ನೂ ಮೂವರಿಗೆ ಕೊಟ್ಟು ಅಂದಾಜು ಪಡೆಯಿರಿ. ನಕ್ಷೆ ಇಲ್ಲದೆ ಹೇಳಿದ ದರಗಳನ್ನು ಹೋಲಿಸಿ ಫಲವಿಲ್ಲ: ಒಬ್ಬರ ಲೆಕ್ಕದಲ್ಲಿ ಸಂಪು, ಕಾಂಪೌಂಡ್, ಬಾಲ್ಕನಿ ಸೇರಿರುತ್ತವೆ, ಇನ್ನೊಬ್ಬರದರಲ್ಲಿ ಅವೆಲ್ಲ ‘ಎಕ್ಸ್‌ಟ್ರಾ’. ಇಲ್ಲಿನ ದೊಡ್ಡ ಎಕ್ಸ್‌ಟ್ರಾ ಬಂಡೆಯದು. ಊರು ಕೂತಿರುವುದೇ ಗ್ರಾನೈಟ್ ಮೇಲೆ. ಮೌಲಾಲಿ ಗುಡ್ಡ ನೋಡಿದವರಿಗೆ ವಿವರಿಸಬೇಕಿಲ್ಲ. ಮಣ್ಣು ಅಗೆತಕ್ಕೆ ಇಷ್ಟು, ಬಂಡೆ ಒಡೆಯಲು ಘನ ಮೀಟರಿಗೆ ಇಷ್ಟು ಎಂದು ಕರಾರಿನಲ್ಲೇ ಬರೆಸಿ. ಪರೀಕ್ಷಾ ಗುಂಡಿ ತೋಡಿಸಿದರೆ ಇನ್ನೂ ಮೇಲು. ಕೂಲಿ ಮಾತ್ರದ ಗುತ್ತಿಗೆಯಾದರೆ ಒಂಟಿ ಮನೆಗೆ ಜಿಎಸ್‌ಟಿ ವಿನಾಯಿತಿಯಿದೆ. ಸಾಮಗ್ರಿಯೂ ಸೇರಿದ್ದರೆ ತೆರಿಗೆ ದರದೊಳಗೋ ಹೊರಗೋ ಎಂಬುದನ್ನು ಬಿಡಿಸಿ ಕೇಳಿ.

ಕರಾರು ತೆಲುಗಿನಲ್ಲಿದ್ದು ಓದಲು ಬಾರದಿದ್ದರೆ, ಬಿಲ್ಡರ್ ಕಡೆಯವರಲ್ಲದವರಿಂದ ಓದಿಸಿಕೊಂಡೇ ಸಹಿ ಹಾಕಿ. ಸಿಮೆಂಟ್, ಕಂಬಿ, ವೈರು, ನಲ್ಲಿಯ ಬ್ರ್ಯಾಂಡ್ ಹೆಸರು ಅದರಲ್ಲಿರಲಿ. ‘ಒಳ್ಳೆಯ ಗುಣಮಟ್ಟ’ ಎಂಬ ಮಾತು ಬೇಡ. ಹಣ ತಿಂಗಳ ಲೆಕ್ಕದಲ್ಲಿ ಬೇಡ, ಬುನಾದಿ, ಸ್ಲ್ಯಾಬ್, ಗೋಡೆ, ಪ್ಲಾಸ್ಟರಿಂಗ್ ಎಂದು ಹಂತಹಂತವಾಗಿ ಹೋಗಲಿ. ಪ್ರತಿ ಹಂತವನ್ನೂ ನೀವೇ ನೇಮಿಸಿದ ಎಂಜಿನಿಯರ್ ನೋಡಿ ಒಪ್ಪಲಿ. ಬಿಲ್ಡರ್ ಕಡೆಯ ಎಂಜಿನಿಯರೇ ಸಾಕು ಎನ್ನುವುದು ದುಬಾರಿ ಉಳಿತಾಯ.

ಸ್ವಂತ ನಿವೇಶನದಲ್ಲಿ ಸ್ವಂತಕ್ಕೆ ಮನೆ ಕಟ್ಟಿಸುವ ಗುತ್ತಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿಗೆ ಬರುವುದಿಲ್ಲ. ಆದರೆ ಮನೆ ನಿರ್ಮಾಣವೂ ಸೇವೆಯೇ ಎಂದು 1993ರ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅದನ್ನೇ ಹೇಳುತ್ತದೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಇರುವ ಅವಧಿ ಎರಡು ವರ್ಷ. ಬಿಲ್ಲು, ಬ್ಯಾಂಕ್ ಪಾವತಿ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಗೃಹಪ್ರವೇಶ ಮುಗಿಯಿತೆಂದು ಅಳಿಸಬೇಡಿ.