ತುಕ್ಕಿಗೂ ಸಾಕ್ಷಿ ಬೇಕು

ಅಮೆರಿಕದ ಮಾಡೆಲ್ ರೈಲು ಕ್ಲಬ್ಬುಗಳಲ್ಲಿ ತಲೆ ನರೆತವರೇ ಹೆಚ್ಚು. ಹೈಸ್ಕೂಲು ಹುಡುಗರು ಒಳಗೆ ಬಂದರೆ ಮೊದಲು ಕೇಳಿಸುವುದು ‘ಮುಟ್ಟಬೇಡ’ ಅನ್ನುವ ಮಾತು. ಅದನ್ನು ನಿಲ್ಲಿಸಲು ದುಬಾರಿ ಎಂಜಿನ್ ಬೇಕಿಲ್ಲ. ಹೊಸ ವ್ಯಾಗನ್ನಿಗೆ ಬಿಸಿಲು, ಮಳೆ, ತುಕ್ಕು ತಿಂದ ರೂಪ ಕೊಡುವ ‘ವೆದರಿಂಗ್’ ಕಲಿತರೆ ಸಾಕು.

1. ಮೊದಲು ಫೋಟೊ, ಆಮೇಲೆ ಬಣ್ಣ. ವ್ಯಾಗನ್ ಏನು ಸಾಗಿಸುತ್ತಿತ್ತು ಎಂಬುದೇ ಅದರ ಕೊಳೆಯನ್ನು ತೀರ್ಮಾನಿಸುತ್ತದೆ. ಸಿಮೆಂಟ್ ಸಾಗಿಸುವ ಹಾಪರ್ ವ್ಯಾಗನ್ನಿನ ಮೇಲಿನ ಮುಚ್ಚಳಗಳಿಂದ ಬಿಳಿ ಗೆರೆ ಇಳಿದಿರುತ್ತದೆ. ಕಲ್ಲಿದ್ದಲು ವ್ಯಾಗನ್ನಿನ ಒಳಮೈ ಉಜ್ಜಿ ಉಜ್ಜಿ ಬಣ್ಣ ಕಳೆದುಕೊಂಡು ತುಕ್ಕು ಹಿಡಿದಿರುತ್ತದೆ. ಕೆಂಪಾಗಿ ಕಂಡದ್ದೆಲ್ಲ ತುಕ್ಕೂ ಅಲ್ಲ. ಬಳ್ಳಾರಿ ಕಡೆಯ ಅದಿರು ಗಾಡಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

2. ಗಾಡಿಯ ವಯಸ್ಸು ಲೆಕ್ಕ ಹಾಕಿ. ತಯಾರಾದ ತಿಂಗಳು, ವರ್ಷ ವ್ಯಾಗನ್ನಿನ ಮೈಮೇಲೇ ಬರೆದಿರುತ್ತದೆ. ನಿಮ್ಮ ಲೇಔಟ್ (ಮಾಡೆಲ್ ಹಳಿಗಳ ದೃಶ್ಯ) ತೋರಿಸುವುದು 1980ರ ಕಾಲ, ವ್ಯಾಗನ್ 1978ರದ್ದು ಎಂದಾದರೆ ತೆಳು ಧೂಳು ಸಾಕು.

3. ಕ್ರಮ ತಪ್ಪಿಸಬೇಡಿ. ಚಕ್ರಗಳನ್ನು ಬಿಚ್ಚಿಡಿ, ಚಕ್ರ ಉರುಳುವ ಅಂಚಿಗೂ ಗಾಡಿಗಳನ್ನು ಜೋಡಿಸುವ ಕಪ್ಲರ್‌ಗೂ ಬಣ್ಣ ತಾಗಿದರೆ ಗಾಡಿ ನೆಟ್ಟಗೆ ಓಡುವುದಿಲ್ಲ. ಮೈಯನ್ನು ಸೋಪುನೀರಲ್ಲಿ ತೊಳೆದು ಒಣಗಿಸಿ. ಐಸೊಪ್ರೊಪೈಲ್ ಆಲ್ಕೋಹಾಲಿಗೆ ಕೆಲವೇ ಹನಿ ಇಂಡಿಯಾ ಇಂಕ್ ಬೆರೆಸಿ, ತಳಭಾಗದಲ್ಲಿ ಪರೀಕ್ಷಿಸಿ, ಆಮೇಲೆ ಮೈಗೆಲ್ಲ ಹಚ್ಚಿ. ಬ್ರಷ್ ಯಾವಾಗಲೂ ಮೇಲಿನಿಂದ ಕೆಳಕ್ಕೇ ಬರಲಿ, ಮಳೆನೀರು ಇಳಿಯುವುದು ಹಾಗೇ ತಾನೆ. ಒಣಗಿದ ಮೇಲೆ ಮ್ಯಾಟ್ ಸ್ಪ್ರೇ, ಅದರ ಮೇಲೆ ಪೇಸ್ಟಲ್ ಚಾಕಿನ ಪುಡಿ. ಸ್ಪ್ರೇ ಆದಮೇಲೆ ಮತ್ತೆ ಆಲ್ಕೋಹಾಲ್ ಹಚ್ಚಿದರೆ ಮೈ ಬೆಳ್ಳಗೆ ಬಿಳಿಚಿಕೊಳ್ಳಬಹುದು. ಪುಡಿಯ ಮೇಲೆ ಕೊನೆಯ ಸ್ಪ್ರೇ ಬಿದ್ದಾಗ ಬಣ್ಣ ಮಂಕಾಗುತ್ತದೆ. ಆದ್ದರಿಂದ ಪುಡಿ ಒಂದು ಕೈ ಹೆಚ್ಚೇ ಇರಲಿ. ಕಿಟಕಿ ತೆರೆದಿಡಿ, ಮಾಸ್ಕ್ ಹಾಕಿ.

4. ವ್ಯಾಗನ್ನಿನ ಎರಡೂ ತುದಿ ನೋಡಿ. ಮಳೆಗಾಲದಲ್ಲಿ ಚಕ್ರ ಎರಚಿದ ಕೆಸರು ಅಲ್ಲಿ ಎರಡು ಪಟ್ಟಿಗಳಾಗಿ ಮೇಲೇರಿರುತ್ತದೆ. ಅನುಭವಿಗಳೂ ಮರೆಯುವ ಜಾಗ ಇದು. ಗ್ರಾಫಿಟಿ ನಂಬರನ್ನು ಮುಚ್ಚಿದ್ದರೆ, ಅದರ ಮೇಲೆ ಹೊಸ ಬಣ್ಣದ ಚೌಕ ಹಾಕಿ ನಂಬರ್ ಮರಳಿ ಬರೆದಿರುತ್ತಾರೆ. ಆ ಚೌಕ ಉಳಿದ ಮೈಗಿಂತ ಶುಭ್ರವಾಗಿರಲಿ.

5. ಕೈ ತಡೆಯಿರಿ. ಎಚ್‌ಒ ಸ್ಕೇಲ್ ಅಂದರೆ 1:87. ನೀವು ಎಳೆದ ಒಂದು ಮಿಲಿಮೀಟರ್ ಗೆರೆ ನಿಜದ ವ್ಯಾಗನ್ನಿನಲ್ಲಿ 8.7 ಸೆಂಟಿಮೀಟರ್ ಅಗಲ!

6. ಹೊಗಳಿಕೆ ಬೇಡ, ಅಂಕ ಕೇಳಿ. 1935ರಲ್ಲಿ ಶುರುವಾದ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಮಾಡೆಲ್‌ಗಳನ್ನು 125 ಅಂಕಗಳಿಗೆ ತೂಗುತ್ತದೆ, 87.5 ಬಂದರೆ ಮೆರಿಟ್ ಅವಾರ್ಡ್. ಇದರಲ್ಲಿ ಬಣ್ಣ ಮತ್ತು ಅಕ್ಷರಕ್ಕೆ 25, ಅಸಲಿ ಗಾಡಿಯ ಹೋಲಿಕೆಗೆ ಇನ್ನೊಂದು 25. ಮೊದಲ ಸೂತ್ರದ ಫೋಟೊ ಫಲ ಕೊಡುವುದು ಇಲ್ಲೇ. ಪಿಂಚಣಿದಾರರಿಗೂ ಹೈಸ್ಕೂಲಿನವರಿಗೂ ಅಂಕಪಟ್ಟಿ ಒಂದೇ.

7. ಕ್ಲಬ್ಬಿಗೆ ಒಂದೇ ವ್ಯಾಗನ್ ಒಯ್ಯಿರಿ, ಫೋಟೊ ಜೊತೆಗಿರಲಿ. ‘ಹೇಗಿದೆ ಸರ್?’ ಎಂದರೆ ‘ಚೆನ್ನಾಗಿದೆ ಮರಿ’ ಎಂದು ಬೆನ್ನು ತಟ್ಟಿ ಕಳಿಸುತ್ತಾರೆ. ಫೋಟೊ ಮುಂದಿಟ್ಟು ‘ಇದರಲ್ಲಿ ಯಾವ ತುಕ್ಕು ತಪ್ಪು ಜಾಗದಲ್ಲಿದೆ?’ ಎಂದು ಕೇಳಿ ನೋಡಿ.