ಮಾಗಿ ಚಳಿಗೆ ಮೈದಾನದ ಆಟ: ಯಾರೂ ಸುಮ್ಮನೆ ನಿಲ್ಲದಂತೆ ಆಡಿಸುವುದು ಹೇಗೆ?

ಡಿಸೆಂಬರ್ ಬಂದರೆ ಮೈದಾನಗಳಿಗೆ ಬಿಡುವಿಲ್ಲ. ಶಾಲೆಯ ಕ್ರೀಡಾಕೂಟ, ಸ್ಕೌಟ್–ಗೈಡ್ ಶಿಬಿರ, ಕಾಲೇಜಿನ ಎನ್‌ಎಸ್‌ಎಸ್ ಶಿಬಿರ, ಬಡಾವಣೆಯ ಮಕ್ಕಳ ಭಾನುವಾರದ ಆಟ ಎಲ್ಲವೂ ಮಾಗಿಯಲ್ಲೇ ಕೂಡಿ ಬರುತ್ತವೆ. ಮಳೆ ನಿಂತಿರುತ್ತದೆ, ಕೆಸರು ಒಣಗಿರುತ್ತದೆ, ಬಿಸಿಲು ಇನ್ನೂ ಸುಡುತ್ತಿರುವುದಿಲ್ಲ. ಬೀದರ್, ವಿಜಯಪುರದ ಕಡೆ ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಆದರೂ ಹೊತ್ತೇರಿದಂತೆ ಬಿಸಿಲು ಮೈಗೆ ಹಿತವಾಗುತ್ತದೆ. ಆಡಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಇಷ್ಟಿದ್ದೂ ಎಷ್ಟೋ ಗುಂಪುಗಳ ಆಟ ಅರ್ಧ ಗಂಟೆಗೇ ಕಳೆಗುಂದುತ್ತದೆ. ಗೆರೆಯಾಚೆ ಕಣ್ಣು ಹಾಯಿಸಿದರೆ ಕಾರಣ ಗೊತ್ತಾಗುತ್ತದೆ: ಔಟಾದ ಮಕ್ಕಳು ಅಲ್ಲಿ ಕೈಕಟ್ಟಿ ನಿಂತಿರುತ್ತಾರೆ. ಓಡಿ ಬೆವೆತ ಮೈ ನಿಂತ ಕೂಡಲೇ ತಣ್ಣಗಾಗುತ್ತದೆ. ಬನಿಯನ್ ಒದ್ದೆ, ಮೇಲೆ ಗಾಳಿ ಬೇರೆ. ಹತ್ತು ನಿಮಿಷ ಹಾಗೆ ನಿಂತವರನ್ನು ಮತ್ತೆ ಕರೆದರೆ ಮನಸ್ಸಿಟ್ಟು ಬರುವುದಿಲ್ಲ. ಮೊದಲು ಔಟಾಗುವವರು ಓಟದಲ್ಲಿ ನಿಧಾನದವರು, ಗುಂಪಿಗೆ ಹೊಸಬರು, ಎಲ್ಲರಿಗಿಂತ ಚಿಕ್ಕವರು. ಆಟ ಹೆಚ್ಚು ಬೇಕಾದದ್ದೂ ಅವರಿಗೇ. ಅದಕ್ಕೇ ಆಡಿಸುವವರು ಒಂದು ಕಟ್ಟಳೆ ಇಟ್ಟುಕೊಳ್ಳಬೇಕು: ಔಟಾದವರು ಒಂದು ನಿಮಿಷದೊಳಗೆ ಮತ್ತೆ ಓಡುತ್ತಿರಬೇಕು. ಕೆಳಗಿನ ಆಟಗಳನ್ನೆಲ್ಲ ಈ ಕಟ್ಟಳೆಗೆ ಹೊಂದಿಸಿಕೊಂಡೇ ವಿವರಿಸಿದ್ದೇನೆ.

ಹೊತ್ತು, ಜಾಗ, ಬಟ್ಟೆ

ಬೆಳಿಗ್ಗೆ ಆರಕ್ಕೇ ಮಕ್ಕಳನ್ನು ಮೈದಾನದಲ್ಲಿ ನಿಲ್ಲಿಸುವುದು ಶಿಸ್ತೆಂದು ಕೆಲವರು ತಿಳಿದಿದ್ದಾರೆ. ಚಳಿಗಾಲಕ್ಕೆ ಅದು ಬೇಡ. ಆ ಹೊತ್ತಿನಲ್ಲಿ ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ತಣ್ಣಗಿರುತ್ತದೆ. ಹೊಗೆ, ದೂಳು ಮೇಲೇರದೆ ಉಸಿರಿನ ಎತ್ತರದಲ್ಲೇ ನಿಂತಿರುತ್ತವೆ. ಪಕ್ಕದಲ್ಲಿ ಯಾರಾದರೂ ಕಸಕ್ಕೆ ಬೆಂಕಿ ಹಾಕಿದ್ದರಂತೂ ಕೇಳುವುದೇ ಬೇಡ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಕಾಲೂ ಜಾರುತ್ತದೆ. ಬಿಸಿಲು ಬಿದ್ದು ಹುಲ್ಲು ಆರಿದ ಮೇಲೆ, ಎಂಟೂವರೆ ಸುಮಾರಿಗೆ ಶುರುಮಾಡಿ. ಸಂಜೆಯಾದರೆ ನಾಲ್ಕರಿಂದ ಐದೂವರೆ ಸಾಕು. ಮಕ್ಕಳು ಮನೆ ಸೇರುವಷ್ಟು ಬೆಳಕು ಉಳಿದಿರಬೇಕು.

ಕೊಯ್ಲಾದ ಗದ್ದೆ ಒಳ್ಳೆಯ ಮೈದಾನ. ಗದ್ದೆಯವರನ್ನು ಒಂದು ಮಾತು ಕೇಳಿ, ಮಕ್ಕಳನ್ನು ಮಾತ್ರ ಬರಿಗಾಲಲ್ಲಿ ಬಿಡಬೇಡಿ, ಕೂಳೆ ಚುಚ್ಚುತ್ತದೆ. ಊರ ಮೈದಾನದ ಮಣ್ಣು ಈ ಕಾಲಕ್ಕೆ ಒಣಗಿ ಗಟ್ಟಿಯಾಗಿರುತ್ತದೆ. ಬೀಳುವ ಆಟ ಆಡಿಸುವುದಾದರೆ ಹಿಂದಿನ ಸಂಜೆಯೇ ನೀರು ಚಿಮುಕಿಸಿ, ಗುದ್ದಲಿಯಿಂದ ಮೇಲ್ಮಣ್ಣು ಸಡಿಲಿಸಿ, ಕಲ್ಲು, ಗಾಜಿನ ಚೂರು ಆಯ್ದು ತೆಗೆಯಿರಿ.

ದಪ್ಪನೆಯ ಒಂದು ಸ್ವೆಟರ್‌ಗಿಂತ ತೆಳುವಾದ ಎರಡು ಅಂಗಿ ಮೇಲು. ಮೈ ಬಿಸಿಯಾದ ಮೇಲೆ ಒಂದನ್ನು ತೆಗೆಸಿ, ಆಟ ನಿಂತ ತಕ್ಷಣ ಹಾಕಿಸಿ. ಆಡುವಾಗ ಮಫ್ಲರ್ ಬೇಡವೇ ಬೇಡ, ಯಾರಾದರೂ ಹಿಡಿದೆಳೆದರೆ ಕತ್ತಿಗೆ ಬಿಗಿಯುತ್ತದೆ. ಚಳಿಯಲ್ಲಿ ಬಾಯಾರಿಕೆ ಅಷ್ಟಾಗಿ ಗೊತ್ತಾಗದ ಕಾರಣ ಅರ್ಧ ಗಂಟೆಗೊಮ್ಮೆ ನೀವೇ ಕರೆದು ನೀರು ಕುಡಿಸಿ. ಇನ್ನೊಂದು ಮುಖ್ಯ ವಿಷಯ ಆಸ್ತಮಾ. ತಣ್ಣನೆಯ ಒಣಗಾಳಿಯಲ್ಲಿ ಜೋರಾಗಿ ಓಡಿದರೆ ಅಂಥ ಮಕ್ಕಳಿಗೆ ಉಬ್ಬಸ ಬರಬಹುದು. ಯಾರಿಗೆ ತೊಂದರೆ ಇದೆ ಎಂದು ಹೆತ್ತವರನ್ನು ಮೊದಲೇ ಕೇಳಿಡಿ. ಇನ್‌ಹೇಲರ್ ಕೋಣೆಯಲ್ಲಿಟ್ಟ ಚೀಲದ ತಳದಲ್ಲಿದ್ದರೆ ಪ್ರಯೋಜನವಿಲ್ಲ, ಮೈದಾನದ ಅಂಚಿನಲ್ಲೇ ಕೈಗೆ ಸಿಗುವಂತಿರಲಿ.

ಮೊದಲ ಹತ್ತು ನಿಮಿಷ

ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸಬೇಕಿಲ್ಲ. ನೆಲದ ಮೇಲೆ ದೊಡ್ಡ ವೃತ್ತ ಎಳೆದು ‘ಕೆರೆ–ದಡ’ ಆಡಿಸಿ. ‘ಕೆರೆ’ ಎಂದರೆ ಒಳಗೆ ಜಿಗಿತ, ‘ದಡ’ ಎಂದರೆ ಹೊರಗೆ. ತಪ್ಪಿದವರು ವೃತ್ತದ ಸುತ್ತ ಒಂದು ಸುತ್ತು ಓಡಿ ತಮ್ಮ ಜಾಗಕ್ಕೆ ಬರಲಿ. ಮೊದಲು ನಿಧಾನ, ಆಮೇಲೆ ಚುರುಕು. ಕೊನೆಗೆ ಓಡದೆ ಬಿರುಸು ನಡಿಗೆಯಲ್ಲೇ ಒಂದು ಜೂಟಾಟ. ಅಷ್ಟಾದರೆ ಸ್ನಾಯುಗಳು ಸಡಿಲಾಗಿರುತ್ತವೆ.

ಆರರಿಂದ ಒಂಬತ್ತು ವರ್ಷದವರಿಗೆ

ಈ ವಯಸ್ಸಿಗೆ ಚಳಿಗಾಲವೇ ಕೊಡುವ ಆಟವೊಂದಿದೆ: ನೆರಳು ತುಳಿಯುವುದು. ಈಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ನೆಟ್ಟ ಒಂದು ಮೀಟರ್ ಕೋಲಿಗೆ ನಡುಹಗಲಿನಲ್ಲೂ ಸುಮಾರು ಮುಕ್ಕಾಲು ಮೀಟರ್ ನೆರಳಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಅದೇ ಕೋಲಿಗೆ ನಡುಹಗಲಿನಲ್ಲಿ ನೆರಳೇ ಇರುವುದಿಲ್ಲ. ಒಂಬತ್ತು ಗಂಟೆಗಂತೂ ಮಕ್ಕಳ ನೆರಳು ಅವರಿಗಿಂತ ಉದ್ದ. ಒಬ್ಬರು ಕಳ್ಳ. ಕಳ್ಳ ಯಾರ ನೆರಳು ತುಳಿದರೂ ಅವರೂ ಕಳ್ಳರ ಪಕ್ಷಕ್ಕೆ ಸೇರುತ್ತಾರೆ. ಔಟ್ ಎಂಬುದೇ ಇಲ್ಲ, ಹಿಡಿಯುವವರ ಸಂಖ್ಯೆ ಬೆಳೆಯುತ್ತಾ ಹೋಗುತ್ತದೆ. ಮೈಮುಟ್ಟಿ ತಳ್ಳುವ ಪ್ರಸಂಗವೂ ಬರುವುದಿಲ್ಲ. ನೆರಳನ್ನು ಉಳಿಸಿಕೊಳ್ಳಲು ಯಾವ ಕಡೆ ತಿರುಗಬೇಕೆಂದು ಅವರೇ ಕಂಡುಕೊಳ್ಳುವುದನ್ನು ನೋಡುವುದು ಸಂತೋಷ.

‘ಲಾಕ್ ಅಂಡ್ ಕೀ’ ಆಡಿಸುವುದಾದರೆ ಲಾಕ್ ಆದವರು ಅಲುಗದೆ ನಿಲ್ಲುವ ಬದಲು ನಿಂತಲ್ಲೇ ಕುಪ್ಪಳಿಸುತ್ತಿರಲಿ. ಮಲೆನಾಡು, ಕರಾವಳಿಯಲ್ಲಿ ಬಿದ್ದ ಅಡಿಕೆ ಹಾಳೆಗೆ ಬರವಿಲ್ಲ. ಒಬ್ಬರನ್ನು ಹಾಳೆಯ ಮೇಲೆ ಕೂರಿಸಿ ಇಬ್ಬರು ಸೋಗೆ ಹಿಡಿದು ಇಪ್ಪತ್ತು ಹೆಜ್ಜೆ ಎಳೆಯಲಿ, ಅಲ್ಲಿಗೆ ಸರದಿ ಬದಲಾಗಲಿ. ಹಾಳೆಯಂಚಿನ ಮುಳ್ಳು, ಸಿಬಿರು ಮೊದಲೇ ಕತ್ತರಿಸಿರಬೇಕು. ಈ ವಯಸ್ಸಿನವರಿಗೆ ಒಂದೊಂದು ಆಟ ಏಳೆಂಟು ನಿಮಿಷ ಸಾಕು. ಬೇಸರ ಬರುವ ಮೊದಲೇ ಬದಲಿಸಿ.

ಹತ್ತರಿಂದ ಹದಿಮೂರು: ಲಗೋರಿ, ಖೊಖೊ

ಇವರಿಗೆ ನಿಯಮಗಳೆಂದರೆ ಪ್ರೀತಿ. ವಾದ ಮಾಡುವುದೂ ಆಟದ ಭಾಗವೇ. ಚಳಿಗೆ ಲಗೋರಿಯಷ್ಟು ಹೊಂದುವ ಆಟ ನನಗೆ ಇನ್ನೊಂದು ಕಂಡಿಲ್ಲ, ಏಕೆಂದರೆ ಚೆಂಡು ಬಿದ್ದ ಕ್ಷಣದಿಂದ ಎರಡೂ ಪಕ್ಷದ ಎಲ್ಲರೂ ಓಡುತ್ತಿರುತ್ತಾರೆ. ಏಳು ಚಪ್ಪಟೆ ಕಲ್ಲುಗಳನ್ನು ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಬರುವಂತೆ ಜೋಡಿಸಿ. ಐದಾರು ಹೆಜ್ಜೆ ದೂರದಲ್ಲಿ ಗೆರೆ. ಅಲ್ಲಿಂದ ಎಸೆದು ಬೀಳಿಸಿದ ಪಕ್ಷದವರು ಚೆಂಡಿನೇಟು ತಪ್ಪಿಸಿಕೊಳ್ಳುತ್ತಾ ಮತ್ತೆ ಜೋಡಿಸಬೇಕು. ಏಟು ತಿಂದವರು ಔಟಾಗಿ ಕೂರುವ ಪದ್ಧತಿ ಹಲವೆಡೆ ಇದೆ. ಅದನ್ನು ಹೀಗೆ ಬದಲಿಸಿ: ಏಟು ತಿಂದವರು ಮೈದಾನದ ಅಂಚಿನ ಮರವನ್ನು ಮುಟ್ಟಿ ಬಂದು ಆಟಕ್ಕೆ ಸೇರಲಿ, ಪಕ್ಷಕ್ಕೆ ಒಟ್ಟು ಐದು ಏಟು ಬಿದ್ದರೆ ಸರದಿ ಮುಗಿಯಲಿ. ಗೆಲುವು ಸೋಲು ಹಾಗೇ ಉಳಿಯುತ್ತದೆ, ನಿಲ್ಲುವವರು ಇರುವುದಿಲ್ಲ. ಚಳಿಯಲ್ಲಿ ಗಟ್ಟಿ ರಬ್ಬರ್ ಚೆಂಡು ಬಡಿದರೆ ಚುರುಕೆನ್ನುತ್ತದೆ, ಬಟ್ಟೆ ಚೆಂಡು ಕಟ್ಟಿಕೊಳ್ಳಿ. ಸೊಂಟದ ಕೆಳಗೆ ಮಾತ್ರ ಹೊಡೆಯಬೇಕೆಂಬುದರಲ್ಲಿ ರಾಜಿ ಬೇಡ.

ಖೊಖೊದಲ್ಲಿ ತೊಡಕೊಂದಿದೆ. 27 ಮೀಟರ್ ಉದ್ದ, 16 ಮೀಟರ್ ಅಗಲದ ಅಂಕಣದಲ್ಲಿ ಒಂಬತ್ತು ಮಂದಿ ಬೆನ್ನಟ್ಟುವವರಲ್ಲಿ ಎಂಟು ಮಂದಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಪಂದ್ಯದಲ್ಲಿ ಒಂದು ಸರದಿ ಒಂಬತ್ತು ನಿಮಿಷ. ತಣ್ಣನೆಯ ಬೆಳಿಗ್ಗೆ ಮಕ್ಕಳನ್ನು ಅಷ್ಟು ಹೊತ್ತು ಹಾಗೆ ಕೂರಿಸಿದರೆ ಕಾಲು ಮರಗಟ್ಟುತ್ತದೆ, ಎದ್ದ ಕೂಡಲೇ ಓಡುವಾಗ ಉಳುಕುತ್ತದೆ. ಸರದಿಯನ್ನು ಮೂರು ನಿಮಿಷಕ್ಕೆ ಇಳಿಸಿ. ಮಕ್ಕಳು ಹೆಚ್ಚಿದ್ದರೆ ನಿಂತು ಆಡುವ ಖೊಖೊ ಇನ್ನೂ ಒಳ್ಳೆಯದು: ಇಬ್ಬಿಬ್ಬರು ಒಬ್ಬರ ಹಿಂದೊಬ್ಬರಂತೆ ದೊಡ್ಡ ವೃತ್ತದಲ್ಲಿ ಒಳಮುಖವಾಗಿ ನಿಲ್ಲಲಿ. ಓಡುವವರು ಯಾವ ಜೋಡಿಯ ಮುಂದೆ ಬಂದು ನಿಂತರೋ ಆ ಜೋಡಿಯ ಹಿಂದಿನವರು ಓಡಬೇಕು. ಮೂವತ್ತು ಮಕ್ಕಳಿದ್ದರೂ ನಡೆಯುತ್ತದೆ.

ಕ್ರಿಕೆಟ್ ಬೇಕೆಂದು ಕೇಳುತ್ತಾರೆ. ಇಪ್ಪತ್ತು ಮಂದಿಯ ಗುಂಪಿನಲ್ಲಿ ಮೂವರು ಆಡಿ ಉಳಿದವರು ನಿಲ್ಲುವ ಆಟ ಅದು. ಹತ್ತೂವರೆಯ ಬಿಸಿಲಿಗೆ ಇಟ್ಟುಕೊಳ್ಳಿ. ಚಿನ್ನಿದಾಂಡಿಗೂ ಇದೇ ಮಾತು. ಹಾರುವ ಚಿನ್ನಿ ಕಣ್ಣಿಗೆ ಅಪಾಯ, ಚಿಕ್ಕವರು ಸುಳಿಯುವ ಕಡೆ ಅದನ್ನು ಆಡಿಸಲೇಬೇಡಿ.

ಹದಿನಾಲ್ಕು ದಾಟಿದವರಿಗೆ

ಕಬಡ್ಡಿಯಲ್ಲಿ ನಮ್ಮ ಕಟ್ಟಳೆ ಮೊದಲಿನಿಂದಲೇ ಇದೆ. ಎದುರಾಳಿ ಒಬ್ಬರು ಔಟಾದರೆ ನಮ್ಮವರೊಬ್ಬರು ಮರಳಿ ಅಂಕಣಕ್ಕೆ ಬರುತ್ತಾರೆ. 30 ಸೆಕೆಂಡಿನ ದಾಳಿ, ಏಳು ಮಂದಿಯ ರಕ್ಷಣೆ, ಎಲ್ಲರ ಕಾಲೂ ಆಡುತ್ತಿರುತ್ತದೆ. ಮಣ್ಣು ಸಡಿಲಿಸದ ಅಂಕಣದಲ್ಲಿ ಮಾತ್ರ ಜಿಗಿದು ಹಿಡಿಯುವುದನ್ನು ನಿಷೇಧಿಸಿ.

ಈ ವಯಸ್ಸಿನವರಿಗೆ ಮಕ್ಕಳಾಟವೆಂದರೆ ಮುಜುಗರ. ಜವಾಬ್ದಾರಿ ಕೊಟ್ಟರೆ ಮುಂದೆ ಬರುತ್ತಾರೆ. ಊರಿನ ನಕ್ಷೆಯನ್ನು ಕೈಯಲ್ಲೇ ಬರೆಸಿ, ಅರಳಿಕಟ್ಟೆ, ಗ್ರಂಥಾಲಯ, ಬಸ್ ನಿಲ್ದಾಣ ಹೀಗೆ ಎಂಟು ಕಡೆ ಸಂಕೇತವಿರುವ ಚೀಟಿ ಅಡಗಿಸಿ. ಮೂವರ ತಂಡಗಳು ಐದೈದು ನಿಮಿಷದ ಅಂತರದಲ್ಲಿ ಹೊರಡಲಿ. ಸುಳಿವುಗಳು ದಿಕ್ಕಿನಲ್ಲೇ ಇರಲಿ: ‘ಕಟ್ಟೆಯಿಂದ ಉತ್ತರಕ್ಕೆ ನೂರು ಹೆಜ್ಜೆ’. ದಿಕ್ಸೂಚಿ ಕೊಡಬೇಡಿ. ಕೋಲು ನೆಟ್ಟು ನೆರಳಿನ ತುದಿಗೆ ಒಂದು ಗುರುತು, ಕಾಲು ಗಂಟೆ ಬಿಟ್ಟು ಇನ್ನೊಂದು. ಎರಡನ್ನೂ ಸೇರಿಸುವ ಗೆರೆಯ ಮೊದಲ ತುದಿ ಪಶ್ಚಿಮ, ಎರಡನೆಯದು ಪೂರ್ವ. ನಡುಹಗಲಿನ ಹತ್ತಿರ ಇದು ಹೆಚ್ಚು ಸರಿಬರುತ್ತದೆ.

ರಾತ್ರಿ ತಂಗುವ ಶಿಬಿರವಾದರೆ ಈ ಚೀಟಿ ಹುಡುಕಾಟವನ್ನೇ ಊಟಕ್ಕೆ ಮುಂಚೆ ಶಿಬಿರದ ಆವರಣದೊಳಗೆ ಆಡಬಹುದು. ಡಿಸೆಂಬರ್ ಕೊನೆಯ ವಾರ ಏಳು ಗಂಟೆಗೆ ಪೂರ್ವದಲ್ಲಿ ಮಹಾವ್ಯಾಧ ನಕ್ಷತ್ರಪುಂಜ ಮೇಲೇರುತ್ತಿರುತ್ತದೆ. ಅದರ ನಡುವಿನ ಸಾಲಾದ ಮೂರು ನಕ್ಷತ್ರಗಳು ಹೆಚ್ಚುಕಡಿಮೆ ನೇರ ಪೂರ್ವದಲ್ಲೇ ಹುಟ್ಟುತ್ತವೆ. ಅವನ್ನು ಗುರುತಿಸಿಕೊಂಡು ದಿಕ್ಕು ಹಿಡಿಯುವುದನ್ನು ಒಮ್ಮೆ ಕಲಿತವರು ಮರೆಯುವುದಿಲ್ಲ. ಬಾವಿ, ಕೆರೆ, ಪೊದೆ ಇರುವ ಕಡೆಗೆ ಹಗಲಲ್ಲೇ ಹಗ್ಗ ಕಟ್ಟಿ. ತಂಡಕ್ಕೊಂದು ಟಾರ್ಚ್ ಇರಬೇಕು, ಯಾರೂ ಒಬ್ಬರೇ ಹೋಗಕೂಡದು.

ಎಲ್ಲ ವಯಸ್ಸಿನವರೂ ಒಟ್ಟಿಗಿದ್ದರೆ

ಇಬ್ಬರು ನಾಯಕರನ್ನು ನಿಲ್ಲಿಸಿ ಎದುರಲ್ಲೇ ಒಬ್ಬೊಬ್ಬರನ್ನು ಆರಿಸುವುದನ್ನು ದಯವಿಟ್ಟು ಬಿಡಿ. ಕೊನೆಗೆ ಉಳಿಯುವ ಮಗುವಿನ ಮುಖ ನೋಡಲಾಗದು. ಹಳ್ಳಿಯ ಮಕ್ಕಳು ಮಾಡುತ್ತಿದ್ದಂತೆ ಸಮಬಲದ ಇಬ್ಬಿಬ್ಬರು ಜೋಡಿಯಾಗಿ ದೂರ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಬರಲಿ: ಒಬ್ಬರು ಮಾವಿನಹಣ್ಣು, ಇನ್ನೊಬ್ಬರು ಹಲಸಿನಹಣ್ಣು. ನಾಯಕರು ಹಣ್ಣನ್ನು ಕೇಳುತ್ತಾರೆಯೇ ಹೊರತು ವ್ಯಕ್ತಿಯನ್ನಲ್ಲ. ಪಕ್ಷಗಳು ತಾವಾಗಿಯೇ ಸರಿಸಮವಾಗುತ್ತವೆ.

ತೀರ ಚಿಕ್ಕವರನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುವುದು ಮೊದಲೆರಡು ಸುತ್ತಿಗೆ ಸರಿ. ಆಮೇಲೆ ಅವರೂ ಲೆಕ್ಕಕ್ಕೆ ಬರಬೇಕು, ಭಾರ ದೊಡ್ಡವರ ಮೇಲೆ ಬೀಳಬೇಕು. ಲಗೋರಿಯಲ್ಲಿ ದೊಡ್ಡವರು ಎಡಗೈಯಲ್ಲಿ ಎಸೆಯಲಿ, ಜೂಟಾಟದಲ್ಲಿ ಇಬ್ಬಿಬ್ಬರು ಕೈಹಿಡಿದೇ ಓಡಲಿ. ಕೈಕಾಲಿನ ತೊಂದರೆಯಿಂದ ಓಡಲಾಗದ ಮಗುವಿದ್ದರೆ ಲಗೋರಿ ಜೋಡಿಸುವ ಕೆಲಸ ಆ ಮಗುವಿಗೇ ಮೀಸಲಿಟ್ಟು, ಕಾಯುವ ಕೆಲಸ ಪಕ್ಷದ ಉಳಿದವರದೆಂದು ನಿಯಮ ಮಾಡಿ.

ಆಟ ಮುಗಿದ ಮೇಲೆ

ಒಮ್ಮೆಲೇ ನಿಲ್ಲಿಸಬೇಡಿ. ಮೈದಾನದ ಸುತ್ತ ಎರಡು ಸುತ್ತು ನಡೆಸಿ. ಒದ್ದೆ ಬನಿಯನ್ ಬದಲಿಸಲಿ, ಸ್ವೆಟರ್ ಹಾಕಿಕೊಳ್ಳಲಿ. ತಿನ್ನಲು ಬೇಯಿಸಿದ ಗೆಣಸು, ಅವರೆಕಾಳಿನ ಉಸಲಿ, ಬೆಲ್ಲದ ಜತೆ ಶೇಂಗಾ ಈ ಕಾಲದಲ್ಲಿ ಸುಲಭವಾಗಿ ಸಿಗುತ್ತವೆ. ತಲೆ ಎಣಿಸಿ. ಯಾರಾದರೂ ಬಿಡದೆ ಕೆಮ್ಮುತ್ತಿದ್ದರೆ ಮನೆಯವರಿಗೆ ತಿಳಿಸಿಯೇ ಕಳಿಸಿ. ಮುಂದಿನ ವಾರ ಬಟ್ಟೆ ಚೆಂಡು ಯಾರು ಕಟ್ಟಿ ತರುತ್ತಾರೆ, ನಿಯಮ ಹೇಳುವವರು ಯಾರು ಎಂಬುದನ್ನು ಮಕ್ಕಳು ತಿನ್ನುತ್ತಾ ಕೂತಿರುವಾಗಲೇ ಗೊತ್ತುಮಾಡಿಕೊಳ್ಳಿ.