ಸೊಪ್ಪು ಕಟ್ಟಿದ ಕೈ

ಮಗಾ, ಹೊಗೆಸೊಪ್ಪು ಕೊಳ್ಳುವ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಹುಣಸೂರು, ಪಿರಿಯಾಪಟ್ಟಣದ ಹಳ್ಳಿ ಸುತ್ತಬೇಕು ಅಂದೆ. ಸಂತೋಷ. ಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಮಕ್ಕಳು ಕೂತಿದ್ದರೆ ಬರೆದುಕೊಂಡು ಬಾ ಅಂತ ಕಂಪನಿಯವರು ಅಂದರಂತೆ. "ಈ ನಿಯಮ ಮಾಡಿದ ಹೊರದೇಶದವರಿಗೆ ನಮ್ಮ ಬದುಕು ಏನು ಗೊತ್ತು ತಾತ? ನಮ್ಮಲ್ಲಿ ಮಕ್ಕಳು ಕಲಿಯೋದೇ ಹಂಗೆ" ಅಂತ ಸಿಟ್ಟಾದೆ.

ಆ ಮಾತು ನಾನೂ ಆಡಿದವನೇ. ಅರ್ಧ ನಿಜವೂ ಹೌದು. ದನಕ್ಕೆ ಹುಲ್ಲು ಹಾಕಿ, ಕಳೆ ಕಿತ್ತು ಬೆಳೆದವರು ನಾವು. 2016ರಲ್ಲಿ ಬಾಲಕಾರ್ಮಿಕ ಕಾನೂನು ತಿದ್ದಿದಾಗ ನಮ್ಮ ಸರ್ಕಾರವೂ, ಶಾಲೆಯ ಹೊತ್ತು ಮುಗಿದ ಮೇಲೆ ಮಕ್ಕಳು ಮನೆಯವರಿಗೆ ನೆರವಾಗಬಹುದು, ಕೆಲಸ ಮಾತ್ರ ಅಪಾಯದ್ದಾಗಿರಬಾರದು ಅಂದಿತು.

ಹಸಿ ಹೊಗೆಸೊಪ್ಪು ಅಪಾಯವೇ. ಇದನ್ನು ನಾನು ತಿಳಿದದ್ದು ತಡವಾಗಿ. ನಮ್ಮ ಕಡೆ 1984ರಲ್ಲಿ ಹರಾಜು ಶುರುವಾಗಿ ಮೂರು ವರ್ಷವಾಗಿತ್ತು, ನಿಮ್ಮಮ್ಮನಿಗೆ ಒಂಬತ್ತು. ಇಬ್ಬನಿ ಆರದ ಸೊಪ್ಪಿನ ರಾಶಿ ಪಕ್ಕ ಕೂರಿಸಿದ್ದೆ. ನಾನು ಕಡ್ಡಿಗೆ ಕಟ್ಟುತ್ತಿದ್ದರೆ ಎಲೆ ಜೋಡಿಸಿ ಜೋಡಿಸಿ ಕೊಡುತ್ತಿದ್ದಳು. ಬೆರಳೆಲ್ಲ ಅಂಟು, ಕರ್ರಗೆ. ಮಧ್ಯಾಹ್ನ ತಲೆ ಸುತ್ತುತ್ತೆ ಅಂದಳು, ವಾಂತಿ ಮಾಡಿದಳು. ದೃಷ್ಟಿಯಾಗಿದೆ ಅಂತ ನಿಮ್ಮಜ್ಜಿ ನಿವಾಳಿಸಿದಳು. ಮಾರನೇ ಬೆಳಿಗ್ಗೆ ಮತ್ತೆ ಅಲ್ಲೇ ಕೂರಿಸಿದೆ. ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯುತ್ತದಂತೆ. ಅವತ್ತು ಯಾರಾದರೂ ಬಂದು ತಪ್ಪು ಅಂದಿದ್ದರೆ, ನಮ್ಮ ಸಂಸ್ಕೃತಿ ಅಂತ ಜಗಳಕ್ಕೇ ನಿಲ್ಲುತ್ತಿದ್ದೆ.

ತಂಬಾಕು ಮಂಡಳಿ ಬೆಳೆಗಾರರಿಗೆ ಕೊಡುವ ಕಾರ್ಡಿನ ವಿಷಯವೂ ಇಂಥದ್ದೇ. ಕಾರ್ಡಿಲ್ಲದ ಭಾವಮೈದುನನ ಬೇಲನ್ನು ನಮ್ಮ ಹೆಸರಲ್ಲಿ ಹರಾಜಿಗೆ ಇಟ್ಟರೆ ಊರಿನ ಕಣ್ಣಲ್ಲಿ ಉಪಕಾರ, ತಂಬಾಕು ಮಂಡಳಿಯ ಲೆಕ್ಕದಲ್ಲಿ ಮೋಸ. ಆಗಲ್ಲ ಅಂದವನಿಗೆ ನೆಂಟಸ್ತಿಕೆ ಮುರಿಯುತ್ತದೆ. ಇಲ್ಲಿ ಸಲೀಸಾದ ಉತ್ತರ ನನ್ನಲ್ಲಿಲ್ಲ. ಎಲ್ಲರೂ ಹಾಗೇ ಮಾಡಿ ಮಾಲು ಜಾಸ್ತಿಯಾದರೆ ದರ ಬಿದ್ದು ಅದೇ ಊರು ಅಳುತ್ತದೆ ಅನ್ನೋದಷ್ಟೇ ಗೊತ್ತು.

ಹಾಗಂತ ಕಂಪನಿಯವರ ನಿಯಮದ ಪುಸ್ತಕದಲ್ಲಿ ಇರೋದೆಲ್ಲ ಧರ್ಮ ಅಂತಲೂ ಒಪ್ಪಬೇಡ. ಮಕ್ಕಳು ಬೇಡ ಅನ್ನುವವರು, ಆಳಿಗೆ ಕೂಲಿ ಕೊಟ್ಟು ರೈತನಿಗೂ ನಾಲ್ಕು ಕಾಸು ಉಳಿಯುವ ದರ ಕೂಗುತ್ತಾರಾ? ಮೀಟಿಂಗಿನಲ್ಲಿ ಎದ್ದುನಿಂತು ಕೇಳು. ಆ ಪ್ರಶ್ನೆ ನಿನ್ನಂಥವರೇ ಕೇಳಬೇಕು, ಎರಡೂ ಕಡೆಯ ಅನ್ನ ಉಂಡವರು.

ಹಳ್ಳಿಗೆ ಹೋದಾಗ ಪೆನ್ನು ತೆಗೆಯುವ ಮೊದಲು ಆ ಮಗುವಿನ ಕೈ ನೋಡು, ಊಟ ಮಾಡಿದೆಯಾ ಅಂತ ಕೇಳು. ಹೊರಡುವ ಮುಂಚೆ ನಿಮ್ಮಮ್ಮನ ಹತ್ತಿರವೂ ಆ ದಿನದ ಮಾತು ತೆಗೆ. ನನಗೆ ಇವತ್ತಿಗೂ ಕೇಳುವ ಧೈರ್ಯ ಬಂದಿಲ್ಲ.